ಹಿಂದಿನ ನೆಲಬಳಕೆ ಮತ್ತು ಮಲೆಕಾಡಿನ ಸಸ್ಯಸಮುದಾಯ: ಕಳಸ–ಮೂಡಿಗೆರೆ ಸೀಮೆ

ಕಳಸದ ಸುತ್ತಲಿನ ಗುಡ್ಡಗಳಲ್ಲಿ ಒಂದೇ ಎತ್ತರ, ಒಂದೇ ಮಳೆ, ಒಂದೇ ಬಗೆಯ ಮಣ್ಣು ಇರುವ ಎರಡು ಕಾಡುಗಳು ಅಕ್ಕಪಕ್ಕದಲ್ಲೇ ನಿಂತಿರುವುದುಂಟು. ಒಂದರಲ್ಲಿ ಬಲಗಿ, ನಾಗಸಂಪಿಗೆ, ಹೈಗ ಒತ್ತೊತ್ತಾಗಿ ಬೆಳೆದು ನೆಲಕ್ಕೆ ಬಿಸಿಲು ತಾಕದು. ಇನ್ನೊಂದರಲ್ಲಿ ಮತ್ತಿ, ನಂದಿ, ನೇರಳೆ ಬಿಡಿಬಿಡಿಯಾಗಿ ನಿಂತಿವೆ. ಅವುಗಳ ಕೆಳಗೆ ಲಂಟಾನದ ಪೊದೆ. ಈ ವ್ಯತ್ಯಾಸದ ಕಾರಣವನ್ನು ಹವಾಮಾನದಲ್ಲಿ ಹುಡುಕಿದರೆ ಸಿಗುವುದಿಲ್ಲ. ಐವತ್ತು, ನೂರು, ಇನ್ನೂರು ವರ್ಷಗಳ ಹಿಂದೆ ಆ ನೆಲವನ್ನು ಯಾರು ಹೇಗೆ ಬಳಸಿದರು, ಅಲ್ಲಿ ಕುಮರಿ ಸುಟ್ಟರೋ, ಸೊಪ್ಪು ಕಡಿದರೋ, ದನ ಮೇಯಿಸಿದರೋ, ಕಾಫಿ ಹಾಕಿದರೋ, ದೇವರ ಹೆಸರಿನಲ್ಲಿ ಮುಟ್ಟದೆ ಬಿಟ್ಟರೋ ಎಂಬುದರಲ್ಲಿ ಅದು ಸಿಗುತ್ತದೆ. ಬಳಕೆ ನಿಂತ ಮೇಲೂ ಅದರ ಪರಿಣಾಮ ತಲೆಮಾರುಗಳ ಕಾಲ ಉಳಿಯುತ್ತದೆ. ಇದನ್ನು ಪರಿಸರ ವಿಜ್ಞಾನದಲ್ಲಿ ನೆಲಬಳಕೆಯ ಪರಂಪರೆ ಎನ್ನುತ್ತಾರೆ.

ಈ ಪರಂಪರೆ ಎಷ್ಟು ದೀರ್ಘವಾಗಿರಬಲ್ಲದು ಎಂಬುದಕ್ಕೆ ಫ್ರಾನ್ಸಿನ ಟ್ರಾನ್ಸೆ ಕಾಡು ಪ್ರಸಿದ್ಧ ನಿದರ್ಶನ. ಅಲ್ಲಿನ ಓಕ್ ಕಾಡಿನೊಳಗೆ ರೋಮನ್ ಕಾಲದ ಹೊಲಮನೆಗಳ ಅವಶೇಷಗಳಿವೆ. ವಿಜ್ಞಾನಿಗಳು ಅವುಗಳ ಬುಡದಿಂದ ದೂರಕ್ಕೆ ಹೋಗುತ್ತ ಮಣ್ಣನ್ನೂ ಗಿಡಗಳನ್ನೂ ಪರೀಕ್ಷಿಸಿದರು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಗೊಬ್ಬರ ಬಿದ್ದ ಜಾಗದಲ್ಲಿ ರಂಜಕ ಇಂದಿಗೂ ಹೆಚ್ಚಿದೆ. ಅಲ್ಲಿ ಬೆಳೆಯುವ ಸಸ್ಯಗಳೂ ಬೇರೆ. 2007ರಲ್ಲಿ ಪ್ರಕಟವಾದ ಈ ಅಧ್ಯಯನದ ನಂತರ, ಕಾಡು ತನ್ನ ಗಾಯವನ್ನು ತಾನೇ ಪೂರ್ತಿ ಮರೆಯುತ್ತದೆ ಎಂಬ ನಂಬಿಕೆಯನ್ನು ಹಿಡಿದುಕೊಂಡಿರುವುದು ಕಷ್ಟವಾಯಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ರೈತರು ಬಿಟ್ಟುಹೋದ ಹೊಲಗಳ ಮೇಲೆ ಈಗ ದಟ್ಟ ಕಾಡಿದೆ. ಉತ್ತ ನೆಲ, ಮೇಯಿಸಿದ ನೆಲ, ಸೌದೆಗೆ ಬಿಟ್ಟ ನೆಲ ಎಲ್ಲೆಲ್ಲಿತ್ತೆಂದು ಅಲ್ಲಿನ ಗಿಡಗಳೇ ಇಂದಿಗೂ ತೋರಿಸುತ್ತವೆ. ಇಂಗ್ಲೆಂಡಿನಲ್ಲಿ 1600ಕ್ಕೂ ಮೊದಲಿನಿಂದ ಸತತವಾಗಿ ಕಾಡಾಗಿ ಉಳಿದದ್ದನ್ನು ಪ್ರಾಚೀನ ವನವೆಂದು ಬೇರೆಯೇ ಪಟ್ಟಿ ಮಾಡುತ್ತಾರೆ. ಅಲ್ಲಿ ಬೆಳೆಯುವ ಕೆಲವು ಹೂಗಿಡಗಳು ಪಕ್ಕದ ಹೊಸ ಕಾಡಿಗೆ ನೂರಾರು ವರ್ಷವಾದರೂ ದಾಟಿರುವುದಿಲ್ಲ.

ಪಶ್ಚಿಮಘಟ್ಟದ ಬಗ್ಗೆ ಮಾತಾಡುವಾಗ ಇದೆಲ್ಲ ಇನ್ನಷ್ಟು ಮುಖ್ಯ. ಇಲ್ಲಿನ ಕಾಡನ್ನು ಮನುಷ್ಯರು ಕಾಲಿಡದ ಆದಿಮ ವನವೆಂದು ಬಣ್ಣಿಸುವ ಅಭ್ಯಾಸ ಬಲವಾಗಿ ಬೇರೂರಿದೆ. ಕಳಸದ ಮಟ್ಟಿಗೆ ಆ ಬಣ್ಣನೆ ಸಲ್ಲದು. ಭದ್ರಾ ದಂಡೆಯ ಈ ಊರು ಕಳಸ–ಕಾರ್ಕಳದ ಭೈರರಸರ ರಾಜಧಾನಿಗಳಲ್ಲೊಂದು. 1432ರಲ್ಲಿ ಕಾರ್ಕಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ್ದು ಇದೇ ಮನೆತನದ ವೀರಪಾಂಡ್ಯ. ಘಟ್ಟದ ಮೇಲೊಂದು, ಕೆಳಗೊಂದು ನೆಲೆ ಇಟ್ಟುಕೊಂಡು ಆಳಿದ ಅರಸೊತ್ತಿಗೆಗೆ ಅಕ್ಕಿ ಬೇಕಿತ್ತು, ಮೆಣಸು ಬೇಕಿತ್ತು, ಎತ್ತುಗಳ ಮೇಲೆ ಹೇರು ಸಾಗಿಸಲು ದಾರಿ ಬೇಕಿತ್ತು. ಕಣಿವೆಯ ತಳದಲ್ಲಿ ಗದ್ದೆ, ಅದರ ಅಂಚಿನಲ್ಲಿ ಅಡಿಕೆ, ಮೇಲೆ ಸೊಪ್ಪಿನ ಕಾಡು, ಅದಕ್ಕೂ ಮೇಲೆ ಹುಲ್ಲುಗುಡ್ಡ ಎಂಬ ಮಲೆನಾಡಿನ ವಿನ್ಯಾಸ ಕಾಫಿಗಿಂತ ಬಹಳ ಹಳೆಯದು. ಕಂದಾಯ ದಾಖಲೆಗಳಲ್ಲಿ ಬೇಚಿರಾಕ್ ಎಂದು ಬರೆದಿರುವ, ಜನವಸತಿ ಇಲ್ಲದ ಗ್ರಾಮಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ಅಂಥ ಕಡೆ ಕಾಡಿನ ನಡುವೆ ಹಠಾತ್ತಾಗಿ ಹಲಸು, ಮಾವು, ಬೈನೆ ಗುಂಪಾಗಿ ಕಂಡರೆ, ಪಕ್ಕದಲ್ಲೇ ಅಗಳೋ ಮನೆಯ ಪಂಚಾಂಗವೋ ಇದ್ದೀತೆಂದು ಹಳಬರು ಸರಿಯಾಗಿಯೇ ಊಹಿಸುತ್ತಾರೆ.

ಮೊದಲು ಹೇಳಬೇಕಾದದ್ದು ಕುಮರಿ. ಬೇಸಿಗೆಯ ಮೊದಲು ಕಾಡಿನ ಒಂದು ತುಂಡನ್ನು ಕಡಿದು, ಒಣಗಿಸಿ, ಸುಟ್ಟು, ಬೂದಿಯಲ್ಲಿ ರಾಗಿಯನ್ನೋ ಬೇರೆ ಧಾನ್ಯವನ್ನೋ ಬಿತ್ತಿ, ಒಂದೆರಡು ಬೆಳೆ ತೆಗೆದು ಮುಂದಿನ ಜಾಗಕ್ಕೆ ಹೋಗುವ ಬೇಸಾಯ ಇದು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್‌ಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇದನ್ನು ಕಂಡು ಬರೆದಿದ್ದಾನೆ. ಶಿವಮೊಗ್ಗದಲ್ಲಿ ವೈದ್ಯನಾಗಿದ್ದು ಮುಂದೆ ಮದ್ರಾಸಿನ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗ್‌ಹಾರ್ನ್ ಕುಮರಿಯ ಕಡು ವಿರೋಧಿ. ಮದ್ರಾಸ್ ಸರ್ಕಾರ 1860ರಲ್ಲಿ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. ಕುದುರೆಮುಖದ ಪಡುವಣ ಇಳಿಜಾರು ಆಗ ಆ ಸರ್ಕಾರದ ಕೆಳಗಿತ್ತು. ಘಟ್ಟದ ಮೇಲಿನ ಮೈಸೂರಿನಲ್ಲಿ ಅರಣ್ಯ ಇಲಾಖೆ ಹುಟ್ಟಿದ್ದು 1864ರಲ್ಲಿ. ಆಗಿನ ಅಧಿಕಾರಿಗಳಿಗೆ ಕುಮರಿ ಕೇವಲ ನಾಶವಾಗಿ ಕಂಡಿತು, ಅದರ ಹಿಂದಿದ್ದ ಬದುಕು ಕಾಣಲಿಲ್ಲ. ಹದಿನೈದು ಇಪ್ಪತ್ತು ವರ್ಷ ಬೀಳು ಬಿಟ್ಟ ಕುಮರಿಗೂ ಮೂರ್ನಾಲ್ಕು ವರ್ಷಕ್ಕೊಮ್ಮೆ ಸುಟ್ಟ ಕುಮರಿಗೂ ಸಸ್ಯಗಳ ಲೆಕ್ಕದಲ್ಲಿ ಅಜಗಜಾಂತರವಿದೆ. ಬೀಳು ದೀರ್ಘವಾಗಿದ್ದು ಸುತ್ತ ಹಳೆಯ ಕಾಡಿದ್ದರೆ ಕಡಿದ ಮೋಟುಗಳು ಚಿಗುರುತ್ತವೆ, ಹಕ್ಕಿಗಳು ಬೀಜ ತರುತ್ತವೆ. ಬೆಂಕಿ ಮತ್ತೆ ಮತ್ತೆ ಬಿದ್ದಲ್ಲಿ ಉಳಿಯುವುದು ಕೌಲು, ನೆಲ್ಲಿ, ಅಳಲೆ, ಈಚಲು, ಹುಲ್ಲು. ದಪ್ಪ ತೊಗಟೆಯವು ಇಲ್ಲವೇ ಬುಡದಿಂದ ಮತ್ತೆ ಏಳುವಂಥವು ಮಾತ್ರ.

ಇಲ್ಲಿಂದ ಹುಲ್ಲುಗುಡ್ಡಗಳ ಪ್ರಶ್ನೆಗೆ ಬರಬೇಕು. ಕುದುರೆಮುಖ, ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿಗಳ ನೆತ್ತಿಯ ಹುಲ್ಲು ಯಾರೋ ಕಾಡು ಕಡಿದದ್ದರಿಂದ ಬಂದದ್ದೆಂದು ಹಿಂದಿನವರು ಅನೇಕರು ನಂಬಿದ್ದರು. ನೀಲಗಿರಿಯ ಜೌಗುನೆಲದಲ್ಲಿ ಪದರಪದರವಾಗಿ ಕೊಳೆತು ಶೇಖರವಾದ ಸಸ್ಯಾಂಶದ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಕಥೆ ಹೇಳಿತು: ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆಯೇ ಆ ಎತ್ತರದಲ್ಲಿ ಹುಲ್ಲು ಹರಡಿತ್ತು. ಶೋಲೆ ಕಾಡು ಮತ್ತು ಹುಲ್ಲುಗಾವಲಿನ ಜೋಡಿ ಅಲ್ಲಿ ತನ್ನಷ್ಟಕ್ಕೆ ಹಳೆಯದು. ಆದರೆ ಅದೇ ಮಾತನ್ನು ಕೆಳಗಿನ ಇಳಿಜಾರಿನ ಎಲ್ಲ ಹುಲ್ಲಿಗೂ ಅನ್ವಯಿಸಲು ಬಾರದು. ಊರಿನ ಸಮೀಪದ ಎಷ್ಟೋ ಗುಡ್ಡಗಳು ಕುಮರಿ, ಮೇವು ಮತ್ತು ವರ್ಷವರ್ಷದ ಬೆಂಕಿಯಿಂದ ಹುಲ್ಲಾದವು. ಎರಡೂ ನೋಡಲು ಒಂದೇ ಹಸಿರು. ಮೇಲಿನದರಲ್ಲಿ ನೆಲಆರ್ಕಿಡ್‌ಗಳು, ಗುಡ್ಡದ ವಿಶಿಷ್ಟ ಹುಲ್ಲುಗಳು, ವರ್ಷಗಟ್ಟಲೆ ಕಾದು ಒಮ್ಮೆಗೇ ಹೂಬಿಡುವ ಗುರಿಗೆಗಳು ಇರುತ್ತವೆ. ಕೆಳಗಿನದರಲ್ಲಿ ಅವು ವಿರಳ, ಸುಟ್ಟರೂ ಸಾಯದ ಮರಗಳು ಮತ್ತು ಹೊರಗಿನಿಂದ ಬಂದ ಕಳೆ ಹೆಚ್ಚು.

ಈ ಎರಡನ್ನು ಬೇರೆ ಮಾಡಿ ನೋಡದ ಕಾರಣಕ್ಕೆ ಆದ ಹಾನಿ ದೊಡ್ಡದು. ಹುಲ್ಲುಗುಡ್ಡವೆಲ್ಲ ಪಾಳು ನೆಲ, ಅಲ್ಲಿ ಮರ ನೆಟ್ಟರೆ ಪುಣ್ಯ ಎಂಬ ತಿಳಿವಳಿಕೆಯಲ್ಲಿ ಕುದುರೆಮುಖದ ಹುಲ್ಲಿನ ಮೇಲೆ ಅಕೇಶಿಯಾ, ಸಿಲ್ವರ್ ಓಕ್, ನೀಲಗಿರಿ ಸಸಿಗಳನ್ನು ಹಚ್ಚಲಾಯಿತು. ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆಗೆ ಪರಿಹಾರವಾಗಿ ನೆಟ್ಟ ಲಕ್ಷಾಂತರ ಮರಗಳ ಲೆಕ್ಕದಲ್ಲಿ ಇವೂ ಸೇರಿದ್ದವು. ಸಾವಿರಾರು ವರ್ಷ ಬಿಸಿಲಿನಲ್ಲಿ ಬೆಳೆದ ಹುಲ್ಲಿನ ಕುಲಕ್ಕೆ ಅಕೇಶಿಯಾದ ನೆರಳು ಮತ್ತು ಬೇಗ ಕೊಳೆಯದ ಅದರ ತರಗು ಎರಡೂ ಮಾರಕ. ಹಸಿರು ಹೆಚ್ಚಿತೆಂದು ವರದಿಯಲ್ಲಿ ಬರೆದ ಜಾಗದಲ್ಲಿ ನಿಜವಾಗಿ ಒಂದು ಸಸ್ಯಸಮುದಾಯ ಇಲ್ಲವಾಗಿತ್ತು.

ಮುಟ್ಟದೆ ಬಿಟ್ಟ ನೆಲದ ಕಥೆಯೂ ಸರಳವಲ್ಲ. ಸೊರಬ, ಸಾಗರ, ಸಿದ್ದಾಪುರಗಳ ಕಾನು, ಕೊಡಗಿನ ದೇವರಕಾಡು, ಕಳಸ–ಮೂಡಿಗೆರೆಯ ಚೌಡಿಬನ, ನಾಗಬನ, ಭೂತನ ಬನ ಇವೆಲ್ಲ ಸುತ್ತಲಿನ ಕಾಡು ಸವೆದಾಗಲೂ ಹಳೆಯ ಮರಗಳನ್ನು ಉಳಿಸಿಕೊಂಡ ದ್ವೀಪಗಳು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗಿನಲ್ಲಿ ಸಿಕ್ಕ ಗೇರಿನ ಕುಲದ ಒಂದು ಮರವನ್ನು ವಿಜ್ಞಾನ ಮೊದಲ ಬಾರಿ ಹೆಸರಿಸಿದ್ದು 2000ದಲ್ಲಿ. ಅದರ ವೈಜ್ಞಾನಿಕ ಹೆಸರಿನಲ್ಲೇ ಕತ್ತಲೆಕಾನು ಸೇರಿದೆ. ಕೊಡಗಿನಲ್ಲಿ ದಾಖಲೆಯಾದ ದೇವರಕಾಡುಗಳು 1,214. ಅಲ್ಲಿ ದೇವರಕಾಡು, ಕಾಫಿ ತೋಟ ಮತ್ತು ಮೀಸಲು ಅರಣ್ಯವನ್ನು ಹೋಲಿಸಿದ ಸಂಶೋಧನೆಯೊಂದು ಗಮನಾರ್ಹ ಸಂಗತಿ ಕಂಡಿತು. ಘಟ್ಟಕ್ಕೆ ಮಾತ್ರ ಸೀಮಿತವಾದ ಮರಗಳು ಮೀಸಲು ಅರಣ್ಯದಲ್ಲಿ ಹೆಚ್ಚಿದ್ದರೆ, ಅಳಿವಿನಂಚಿನಲ್ಲಿರುವ ಮರಗಳು ದೇವರಕಾಡಿನಲ್ಲಿ ಹೆಚ್ಚಿದ್ದವು. ಹೀಗಾಗಿ ಒಂದು ಇದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ.

ದೇವರಕಾಡಿನ ಕೆಸರಿನಲ್ಲಿ ಹೂತುಹೋದ ಹಳೆಯ ಪರಾಗವನ್ನು ಎಣಿಸಿದಾಗ ಇನ್ನೊಂದು ಸಂಗತಿಯೂ ಹೊರಬಂತು. ಈಗ ದಟ್ಟವಾಗಿರುವ ಬನ ಹಿಂದೊಂದು ಕಾಲದಲ್ಲಿ ಮರಗಳಿಲ್ಲದ ತೆರೆದ ನೆಲವಾಗಿತ್ತು. ಜನ ಕಾಪಾಡಿದ್ದರಿಂದ ಅದು ಮತ್ತೆ ಕಾಡಾಯಿತು. ದೇವರ ಬನವೆಂದರೆ ಆದಿಕಾಲದ ಕಾಡಿನ ಚೂರು ಎಂಬ ಮಾತನ್ನು ಇದು ಸಡಿಲಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಸಾಕಷ್ಟು ಕಾಲ ಮತ್ತು ಸಾಕಷ್ಟು ಹತ್ತಿರದಲ್ಲಿ ಬೀಜದ ಮೂಲ ಸಿಕ್ಕರೆ ಕಾಡು ಮರಳಬಲ್ಲದು ಎಂಬ ಭರವಸೆಯನ್ನೂ ಕೊಡುತ್ತದೆ.

ಬನಕ್ಕೂ ತೋಟಕ್ಕೂ ನಡುವೆ ಇರುವುದು ಸೊಪ್ಪಿನಬೆಟ್ಟ. ಅಡಿಕೆ ತೋಟಕ್ಕೆ ಹಸಿಸೊಪ್ಪು, ದರಗು, ಕೊಟ್ಟಿಗೆಗೆ ಹಾಸು ತರಲೆಂದು ಬಿಟ್ಟ ಕಾಡು ಇದು. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸೌಲಭ್ಯ ಸಿಕ್ಕಿತು. ಕೊಪ್ಪ, ಶೃಂಗೇರಿ, ಕಳಸದ ಕಡೆಯೂ ಬೇರೆ ಬೇರೆ ಪ್ರಮಾಣದಲ್ಲಿ ಈ ಪದ್ಧತಿ ಇದೆ. ಮೂಡಿಗೆರೆ–ಸಕಲೇಶಪುರದ ಕಡೆ ಗದ್ದೆಗೆ ಹೊಂದಿಕೊಂಡ ಇಂಥದೇ ಕಾಡುಗಳಾದ ಹಾಡ್ಯಗಳಿವೆ. ವರ್ಷವರ್ಷ ಕೊಂಬೆ ಕಡಿಸಿಕೊಳ್ಳುವ ಮರ ಸಾಯುವುದಿಲ್ಲ, ಆದರೆ ಹೂ ಬಿಡುವಷ್ಟು ಕೊಂಬೆಯೂ ಉಳಿಯುವುದಿಲ್ಲ. ಚಿಗುರುವ ಶಕ್ತಿಯುಳ್ಳ ಮತ್ತಿ, ನೇರಳೆಯಂಥವು ನಿಲ್ಲುತ್ತವೆ. ಬೀಜದಿಂದಲೇ ಬರಬೇಕಾದವು, ನೆರಳಿನಲ್ಲಿ ಮೊಳೆಯಬೇಕಾದವು ಒಂದೊಂದಾಗಿ ಕಾಣೆಯಾಗುತ್ತವೆ. ನಲವತ್ತು ವರ್ಷ ಸೊಪ್ಪು ಕಡಿದ ಬೆಟ್ಟವನ್ನು ಬಿಟ್ಟರೂ ಅದು ಪಕ್ಕದ ಕಾನಿನಂತಾಗದೆ ಇರಲು ಇದೇ ಕಾರಣ. ತರಗು ಗುಡಿಸಿ ತೆಗೆದ ನೆಲದಲ್ಲಿ ಮೊಳಕೆಗೆ ಬೇಕಾದ ತೇವವೂ ನಿಲ್ಲದು.

ಕಾಫಿಯಷ್ಟು ಈ ಸೀಮೆಯನ್ನು ಬದಲಿಸಿದ್ದು ಬೇರೊಂದಿಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಮೋಖಾದಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದನೆಂಬುದು ಎಲ್ಲರೂ ಬಲ್ಲ ಐತಿಹ್ಯ. ಬಹುಕಾಲ ಅದು ಹಿತ್ತಿಲ ಬೆಳೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಯುರೋಪಿನ ಪ್ಲಾಂಟರುಗಳು ಬಂದಾಗ ಕಾಡು ಎರಡು ರೀತಿಯಲ್ಲಿ ತೋಟವಾಯಿತು. ಕೆಲವರು ಮೇಲಿನ ಮರಗಳನ್ನು ಉಳಿಸಿ ಕೆಳಗಿನ ಪೊದೆಯನ್ನಷ್ಟೇ ಸವರಿ ಕಾಫಿ ನೆಟ್ಟರು. ಇನ್ನು ಕೆಲವರು ಸಿಲೋನಿನ ಮಾದರಿಯಲ್ಲಿ ಎಲ್ಲವನ್ನೂ ಕಡಿದು ಸುಟ್ಟು ಬಿಸಿಲಿನಲ್ಲಿ ಕಾಫಿ ಹಾಕಿದರು. ಈ ಒಂದು ತೀರ್ಮಾನ ಮುಂದಿನ ನೂರೈವತ್ತು ವರ್ಷಗಳ ಮರಗಳನ್ನು ನಿರ್ಧರಿಸಿತು.

ಬಿಸಿಲಿನ ತೋಟಗಳಿಗೆ ಬೇಗ ಕಷ್ಟ ಬಂತು. 1860ರ ದಶಕದಲ್ಲಿ ಕಾಂಡಕೊರಕ ಹುಳು ಮೈಸೂರು, ಕೊಡಗು, ವಯನಾಡಿನ ಗಿಡಗಳನ್ನು ಒಣಗಿಸಿತು. ಇದನ್ನು ಪರಿಶೀಲಿಸಿ ಜಾರ್ಜ್ ಬಿಡಿ ಎಂಬ ಅಧಿಕಾರಿ 1869ರಲ್ಲಿ ಕೊಟ್ಟ ವರದಿ ನೆರಳು ಬೇಕೆಂದು ಒತ್ತಿ ಹೇಳಿತು. ಅದೇ ವರ್ಷ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಆ ದ್ವೀಪವನ್ನು ಕಾಫಿಯಿಂದ ಚಹಾಕ್ಕೆ ತಳ್ಳಿತು. ಮಲೆನಾಡು ಕಾಫಿಯನ್ನು ಬಿಡಲಿಲ್ಲ, ನೆರಳನ್ನು ಮರಳಿ ತಂದಿತು. ಮಂಜರಾಬಾದಿನಲ್ಲಿ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ 1894ರ ತನ್ನ ಪುಸ್ತಕದಲ್ಲಿ ನೆರಳಿನ ಮರಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಬಸರಿ, ಗೋಣಿ ಮುಂತಾದವನ್ನು ಕನ್ನಡದ ಹೆಸರಿನಲ್ಲೇ ಹೇಳಿ ಅವುಗಳ ಗುಣದೋಷ ತೂಗಿದ್ದಾನೆ. ಕೆಲಸದಾಳುಗಳಿಂದ ಮತ್ತು ಸ್ಥಳೀಯ ಬೆಳೆಗಾರರಿಂದ ಕಲಿತ ಜ್ಞಾನ ಅದು. ಇಂದು ಹಳೆಯ ತೋಟಗಳಲ್ಲಿ ಆಲದ ಕುಲದ ದೈತ್ಯ ಮರಗಳು ಕಾಡಿನಲ್ಲಿರುವುದಕ್ಕಿಂತ ಹೆಚ್ಚಾಗಿ ಕಾಣುವುದಾದರೆ ಅದು ಪ್ರಕೃತಿಯ ಆಯ್ಕೆಯಲ್ಲ, ಬೆಳೆಗಾರರ ಆಯ್ಕೆ. ಹಣ್ಣು ಸಿಗುವುದರಿಂದ ಮಂಗಟ್ಟೆ ಹಕ್ಕಿಗಳೂ ಪಾರಿವಾಳಗಳೂ ಅಲ್ಲಿಗೆ ಬರುತ್ತವೆ, ಬರುವಾಗ ಬೇರೆ ಬೀಜವನ್ನೂ ತರುತ್ತವೆ.

ಪೂರ್ತಿ ಕಡಿದು ಮತ್ತೆ ನೆರಳು ಕಟ್ಟಿದ ತೋಟಗಳ ರೂಪವೇ ಬೇರೆ. ಕೆಳನೆರಳಿಗೆ ಹಾಲುವಾಣ, ಮೇಲ್ನೆರಳಿಗೆ ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್. ನೆಟ್ಟಗೆ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಮಾರಿದರೆ ಹಣ. ಇದರ ಜೊತೆಗೆ ಕಾನೂನಿನ ಪಾತ್ರವನ್ನು ಬಹಳ ಜನ ಗಮನಿಸುವುದಿಲ್ಲ. 1976ರ ಮರ ಸಂರಕ್ಷಣಾ ಕಾಯ್ದೆಯ ವ್ಯವಸ್ಥೆಯಲ್ಲಿ ಕಾಡುಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಸಿಲ್ವರ್ ಓಕ್‌ಗೆ ವಿನಾಯಿತಿ ಇದೆ. ಬೀಟೆಯಂಥ ಮರಕ್ಕೆ ನಿಯಮ ಇನ್ನೂ ಬಿಗಿ. ತನ್ನ ತೋಟದಲ್ಲಿ ತಾನಾಗಿ ಹುಟ್ಟಿದ ಬೀಟೆ ಸಸಿಯನ್ನು ಉಳಿಸಿದರೆ ಅದು ಮುಂದೆ ತನ್ನ ಕೈಗೆ ಸಿಗುವ ಖಾತ್ರಿ ಇಲ್ಲದಾಗ ಬೆಳೆಗಾರ ಅದನ್ನು ಕಳೆಯ ಜೊತೆ ಕಿತ್ತು ಸಿಲ್ವರ್ ಓಕ್ ನೆಡುತ್ತಾನೆ. ಕಾಡುಮರವನ್ನು ಕಾಪಾಡಲು ಬಂದ ನಿಯಮ ಕಾಡುಮರದ ಮುಂದಿನ ಪೀಳಿಗೆಯನ್ನು ತಡೆಯುತ್ತಿದೆ. ಈ ಸೀಮೆಯ ಸಸ್ಯಸಂಪತ್ತಿನ ವಿಷಯದಲ್ಲಿ ತುರ್ತಾಗಿ ಸರಿಯಾಗಬೇಕಾದ ಸಂಗತಿ ಇದು.

ಮಳೆಗಾಲಕ್ಕೆ ಮುನ್ನ ಪ್ರತಿ ವರ್ಷ ನಡೆಯುವ ಮರಗಸಿಯೂ ಸಸ್ಯಸಮುದಾಯವನ್ನು ತಿದ್ದುತ್ತದೆ. ಕೊಂಬೆ ಸವರಿ ಬೆಳಕು ಬಿಡಿಸುವ ಈ ಕೆಲಸದಲ್ಲಿ ಯಾವ ಮರ ಉಳಿಯಬೇಕು, ಯಾವುದು ಹೋಗಬೇಕೆಂಬುದೂ ನಿರ್ಧಾರವಾಗುತ್ತದೆ. ಕಳೆ ಹೊಡೆಯುವಾಗ ಮರದ ಸಸಿಗಳು ಹುಲ್ಲಿನ ಜೊತೆ ಹೋಗುತ್ತವೆ. ಪರಿಣಾಮವಾಗಿ ತೋಟದ ಮೇಲ್ಗಡೆ ನೂರು ವರ್ಷದ ಧೂಪ, ಹೆಬ್ಬಲಸು, ನಂದಿ ಇರುತ್ತವೆ, ಕೆಳಗೆ ಅವುಗಳ ಒಂದು ಸಸಿಯೂ ಇರುವುದಿಲ್ಲ. ಎಣಿಸಿದರೆ ಜಾತಿಗಳ ಸಂಖ್ಯೆ ಕಾಡಿಗೆ ಸಮನಾಗಿ ಬರಬಹುದು. ಆದರೆ ಆ ಮರಗಳು ಬಿದ್ದ ದಿನ ಅವುಗಳ ಜಾಗ ತುಂಬುವುದು ಸಿಲ್ವರ್ ಓಕ್. ಇದೇ ಮಾತು ಏಲಕ್ಕಿ ಮಲೆಗೂ ಸಲ್ಲುತ್ತದೆ. ನಿತ್ಯಹಸಿರು ಕಾಡಿನಲ್ಲಿ ದೊಡ್ಡ ಮರವೊಂದನ್ನು ಉರುಳಿಸಿ ಬೆಳಕು ಬಿಡಿಸಿದರೆ ಏಲಕ್ಕಿ ತಾನಾಗಿ ಮೊಳೆಯುತ್ತಿತ್ತು. ನಂತರ ಕೆಳಗಿಡಗಳನ್ನೆಲ್ಲ ಸವರಿ ಅದೊಂದನ್ನೇ ಉಳಿಸುತ್ತಿದ್ದರು. ದಶಕಗಳ ಹಿಂದೆ ಕೈಬಿಟ್ಟ ಮಲೆಗಳಲ್ಲಿ ಮುದಿಮರಗಳೂ ಎಳೆಯ ಸಸಿಗಳೂ ಇದ್ದು, ನಡುವಿನ ಪೀಳಿಗೆ ಮಾತ್ರ ಇಲ್ಲದಿರುವುದಕ್ಕೆ ಇದು ಕಾರಣ.

ಇಷ್ಟು ಹೇಳಿದ ಮೇಲೂ ಕಾಫಿ ತೋಟವನ್ನು ಹಳಿಯುವುದು ನ್ಯಾಯವಲ್ಲ. ಭದ್ರಾ ಅಭಯಾರಣ್ಯದ ಸುತ್ತಲಿನ ಚಿಕ್ಕಮಗಳೂರು ತೋಟಗಳಲ್ಲಿ 2007 ಮತ್ತು 2008ರಲ್ಲಿ ಪ್ರಕಟವಾದ ಅಧ್ಯಯನಗಳು ಸಸ್ತನಿ, ಹಕ್ಕಿ, ಚಿಟ್ಟೆಗಳನ್ನು ನೋಡಿದವು. ಕಾಡಿಗೆ ಹತ್ತಿರವಿರುವ ತೋಟಗಳಲ್ಲಿ ಕಾಡಿನ ಹಕ್ಕಿಗಳು ಹೆಚ್ಚು ಎಂಬುದು ಅವುಗಳಲ್ಲಿ ಎದ್ದು ಕಂಡ ಸಂಗತಿ. ಬೀಜ ಒಯ್ಯುವವರು ಬರುತ್ತಿದ್ದಾರೆಂದರೆ ಮರಳಿ ಕಾಡಾಗುವ ದಾರಿ ಪೂರ್ತಿ ಮುಚ್ಚಿಲ್ಲ ಎಂದರ್ಥ. ಅದೇ ಹಕ್ಕಿ, ಪುನುಗು ಬೆಕ್ಕುಗಳು ಕಾಫಿಯ ಬೀಜವನ್ನೂ ಕಾಡಿಗೆ ಒಯ್ಯುತ್ತವೆ. ತಮಿಳುನಾಡಿನ ಆನೆಮಲೆಯ ಕಾಡಿನ ತುಂಡುಗಳಲ್ಲಿ ರೊಬಸ್ಟಾ ತಾನಾಗಿ ನುಗ್ಗಿ ಬೆಳೆದಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ.

ಹಾಗಾದರೆ ಹಳೆಯ ಕಾಡಿನ ಮರಗಳು ಬಳಕೆ ನಿಂತ ನೆಲಕ್ಕೆ ಮರಳಲು ಇಷ್ಟೇಕೆ ತಡಮಾಡುತ್ತವೆ? ಮುಖ್ಯ ಕಾರಣ ಬೀಜದಲ್ಲೇ ಇದೆ. ಸಾಲುಧೂಪ, ಹೈಗ, ಬೋಗಿಯಂಥ ಮರಗಳ ಬೀಜ ಒಣಗಿದರೆ ಸಾಯುತ್ತದೆ. ಮಳೆಯಲ್ಲಿ ಬಿದ್ದು ಕೆಲವೇ ವಾರಗಳಲ್ಲಿ ಮೊಳೆಯಬೇಕು. ಹುಲ್ಲಿನ, ಲಂಟಾನದ ಬೀಜದಂತೆ ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರಲು ಅವಕ್ಕೆ ಬರುವುದಿಲ್ಲ. ಸಾಲುಧೂಪದ ಬೀಜ ಭಾರ, ತಾಯಿಮರದ ಬುಡದಿಂದ ದೂರ ಹೋಗದು. ತಾಯಿಮರ ಹೋಯಿತೆಂದರೆ ಆ ಜಾತಿಯೇ ಆ ಗುಡ್ಡದಿಂದ ಹೋಯಿತು. ಎರಡನೆಯದು ಮಣ್ಣಿನೊಳಗಿನ ನಂಟು. ಸಾಲುಧೂಪದ ಕುಲದ ಮರಗಳ ಬೇರು ಒಂದು ಬಗೆಯ ಶಿಲೀಂಧ್ರದ ಜೊತೆ ಬಾಳುತ್ತದೆ. ಬಹುಕಾಲ ಉತ್ತ, ಸುಟ್ಟ, ಹುಲ್ಲು ಬೆಳೆದ ನೆಲದಲ್ಲಿ ಆ ಶಿಲೀಂಧ್ರ ಕ್ಷೀಣಿಸಿರಬಹುದು. ಸಸಿ ನೆಟ್ಟರೂ ಏಳದಿರಲು ಇದೂ ಒಂದು ಕಾರಣ. ಸುಣ್ಣ, ಗೊಬ್ಬರ ಬಿದ್ದ ತೋಟದ ಮಣ್ಣು ಕಾಡಿನ ಹುಳಿಮಣ್ಣಿಗಿಂತ ಬೇರೆ. ದನ ತುಳಿದು ಗಟ್ಟಿಯಾದ ಗೋಮಾಳದ ಮಣ್ಣು ಇನ್ನೂ ಬೇರೆ.

ಗದ್ದೆಯ ಮಾತು ಇದಕ್ಕೂ ಭಿನ್ನ. ಬೇಸಾಯ ಬಿಟ್ಟ ಗದ್ದೆಯನ್ನು ಮಲೆನಾಡಿನಲ್ಲಿ ಹಡ್ಲು ಎನ್ನುತ್ತಾರೆ. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳಿಂದ 2001–02ರ ಹೊತ್ತಿಗೆ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ನೆಲೆಗೊಂಡವು. ಪುನರ್ವಸತಿಯ ಜಾಗಗಳಲ್ಲಿ ಒಂದು ಮೂಡಿಗೆರೆ ತಾಲ್ಲೂಕಿನ ಕೆಳಗೂರು. ಅವರು ಬಿಟ್ಟ ಗದ್ದೆಗಳು ತಕ್ಷಣ ಕಾಡಾಗಲಿಲ್ಲ. ನೂರಾರು ವರ್ಷ ಕೆಸರು ತುಳಿದು ನೀರು ಇಂಗದಂತೆ ಮಾಡಿದ ಮಣ್ಣು ಮಳೆಗಾಲದಲ್ಲಿ ಜೌಗಾಗುತ್ತದೆ, ಹೆಚ್ಚಿನ ಮರಗಳ ಬೇರು ಅಲ್ಲಿ ಕೊಳೆಯುತ್ತದೆ. ಜೇಕು, ಹುಲ್ಲು ನಿಲ್ಲುತ್ತವೆ, ಕಾಟಿ ಮತ್ತು ಜಿಂಕೆಗಳು ಮೇಯಲು ಬಂದು ಅದನ್ನು ಹುಲ್ಲಾಗಿಯೇ ಉಳಿಸುತ್ತವೆ. ಪ್ರವಾಸಿಗರು ಮೆಚ್ಚಿಕೊಳ್ಳುವ ಎಷ್ಟೋ ಕಾಡಿನ ಬಯಲುಗಳು ರೈತರ ಹಳೆಯ ಗದ್ದೆಗಳು.

ಲಂಟಾನದ ಹರಡುವಿಕೆಯನ್ನು ಅರ್ಥಮಾಡಿಕೊಳ್ಳಲು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬೇಕು. ಅಲ್ಲಿ ಪರೀಕ್ಷಿಸಿದ ತಾಣಗಳಲ್ಲಿ 1997ರಲ್ಲಿ ಶೇ. 41ರಷ್ಟರಲ್ಲಿದ್ದ ಲಂಟಾನ 2008ರಲ್ಲಿ ಶೇ. 81ರಲ್ಲಿ ಕಂಡಿತು. ಬೇಸಿಗೆಯ ಆರಂಭದಲ್ಲೇ ತಣ್ಣಗೆ ಹಬ್ಬುವ ತರಗು ಬೆಂಕಿಯನ್ನು ಅಲ್ಲಿನ ಬುಡಕಟ್ಟಿನವರಾದ ಸೋಲಿಗರು ಹಾಕುತ್ತಿದ್ದರು. ಅದನ್ನು ನಿಲ್ಲಿಸಿದ್ದೂ ಲಂಟಾನ ಹೆಚ್ಚಲು ಒಂದು ಕಾರಣವೆಂದು ಅವರು ಹೇಳುತ್ತಾರೆ. ಅದು ಒಣಕಾಡಿನ ಮಾತು, ಮಳೆಕಾಡಿನ ಕಳಸಕ್ಕೆ ಹಾಗೇ ಹೊಂದದು. ಇಲ್ಲಿ ಲಂಟಾನ ಮತ್ತು ಕಮ್ಯುನಿಸ್ಟ್ ಗಿಡ ಹೆಚ್ಚು ಕಾಣುವುದು ರಸ್ತೆ, ಬಿಟ್ಟ ತೋಟ, ಕಡಿದ ಅಂಚುಗಳಲ್ಲಿ. ಬೆಳಕು ಮುಚ್ಚಿದ ಹಳೆಯ ಕಾಡಿನಲ್ಲಿ ಅವಕ್ಕೆ ಜಾಗವಿಲ್ಲ.

ಎಲ್ಲಕ್ಕಿಂತ ಆಳವಾದ ಗಾಯ ಕುದುರೆಮುಖದ ಗಣಿಯದು. 1976ರಲ್ಲಿ ಸ್ಥಾಪನೆಯಾದ ಕಬ್ಬಿಣದ ಅದಿರು ಕಂಪನಿ ಸುಮಾರು ಕಾಲು ಶತಮಾನ ಬೆಟ್ಟವನ್ನು ಅಗೆದು, ಅದಿರಿನ ರಾಡಿಯನ್ನು ಕೊಳವೆಯಲ್ಲಿ ಮಂಗಳೂರಿಗೆ ಹರಿಸಿತು. 1987ರಲ್ಲಿ ಸುತ್ತಲಿನ ಸುಮಾರು 600 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನವಾಯಿತು. ಕೆ.ಎಂ. ಚಿಣ್ಣಪ್ಪ ಅವರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು, 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಕುಮರಿ ಸುಟ್ಟ ನೆಲದಲ್ಲಿ ಬೇರು ಉಳಿದಿರುತ್ತದೆ, ಕಾಫಿ ನೆಟ್ಟ ನೆಲದಲ್ಲಿ ಮೇಲ್ಮಣ್ಣು ಉಳಿದಿರುತ್ತದೆ. ಗಣಿಯ ಮೆಟ್ಟಿಲುಗಳಲ್ಲಿ ಮತ್ತು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಹೂಳಿನಲ್ಲಿ ಇವೆರಡೂ ಇಲ್ಲ. ಅಲ್ಲಿ ಬೆಳೆಯುವುದೆಲ್ಲ ಹೊರಗಿನಿಂದಲೇ ಬಂದು ಹೊಸದಾಗಿ ಆರಂಭವಾಗಬೇಕು. 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿತ್ತು.

ಪುನಶ್ಚೇತನದ ಪ್ರಯತ್ನಗಳಿಗೆ ಈ ಇತಿಹಾಸ ಗೊತ್ತಿರಬೇಕು. ಆನೆಮಲೆಯ ವಾಲ್ಪಾರೈಯಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನೂರಕ್ಕೂ ಹೆಚ್ಚು ಸ್ಥಳೀಯ ಜಾತಿಗಳ ಸಸಿಗಳನ್ನು ಬೆಳೆಸಿ, ಕಳೆ ತೆಗೆದು, ಹಾಳಾದ ಕಾಡಿನ ತುಂಡುಗಳಲ್ಲಿ ನೆಡುತ್ತ ಬಂದಿದೆ. ಹಾಗೆ ನೆಟ್ಟ ಜಾಗಗಳು, ಸುಮ್ಮನೆ ಬಿಟ್ಟ ಜಾಗಗಳಿಗಿಂತ ಬೇಗ ಚೇತರಿಸಿಕೊಂಡಿವೆ. ಇತ್ತ ಮಲೆನಾಡಿನಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆಗೆ 1980ರಲ್ಲಿ ಕೊಟ್ಟ ನೆಡುತೋಪಿನ ಗುತ್ತಿಗೆ 2020ರಲ್ಲಿ ಮುಗಿದು, ಸರ್ಕಾರ ಸುಮಾರು 20 ಸಾವಿರ ಹೆಕ್ಟೇರಿಗೆ ಅದನ್ನು ಇನ್ನೂ 40 ವರ್ಷ ವಿಸ್ತರಿಸಿತು. ನಮ್ಮೂರಿಗೆ ಅಕೇಶಿಯಾ ಬೇಡ ಎಂದು ಜನ ಬೀದಿಗಿಳಿದದ್ದು ಆಗ. ಆ ನೆಲದಲ್ಲಿ ಹಿಂದೆ ಕಾನಿತ್ತೋ, ಹುಲ್ಲಿತ್ತೋ, ಸೊಪ್ಪಿನಬೆಟ್ಟವಿತ್ತೋ ನೋಡದೆ ಒಂದೇ ಮರ ನೆಟ್ಟದ್ದು ತಪ್ಪು. ಈಗ ಅದನ್ನು ತೆಗೆದು ಎಲ್ಲ ಕಡೆ ಒಂದೇ ಪಟ್ಟಿಯ ಕಾಡುಮರ ನೆಟ್ಟರೆ ಅದೂ ಅಷ್ಟೇ ತಪ್ಪು.

ಯೋಗನರಸಿಂಹನ್, ಸುಬ್ರಮಣ್ಯಂ ಮತ್ತು ರಜಿ ಅವರ ಚಿಕ್ಕಮಗಳೂರು ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ಪ್ರಕಟವಾದದ್ದು 1981ರಲ್ಲಿ. ಪಕ್ಕದ ಹಾಸನ ಜಿಲ್ಲೆಗೆ ಸಲ್ಡಾನ ಮತ್ತು ನಿಕೋಲ್ಸನ್ ಅವರ ಗ್ರಂಥ 1976ರಲ್ಲೇ ಬಂದಿತ್ತು. ಅಲ್ಲಿಂದೀಚೆಗೆ ಯಾವ ಗುಡ್ಡದಲ್ಲಿ ಯಾವ ಗಿಡ ಹೋಯಿತು, ಯಾವುದು ಬಂತು ಎಂದು ತಿಳಿಯಲು ಅದೇ ಜಾಗಗಳಿಗೆ ಮತ್ತೆ ಹೋಗಿ ನೋಡಬೇಕು. ನೋಡುವಾಗ ಪ್ರತಿ ಜಾಗದ ಬಳಕೆಯ ಚರಿತ್ರೆಯೂ ಕೈಯಲ್ಲಿರಬೇಕು. ಅಂಥ ಚರಿತ್ರೆ ತೋಟದ ಮನೆಗಳ ಹಳೆಯ ಲೆಕ್ಕದ ಪುಸ್ತಕಗಳಲ್ಲಿ, ಯಾವ ವರ್ಷ ಯಾವ ಪಟ್ಟೆಗೆ ಕಾಫಿ ಹಾಕಿದರೆಂದು ಬರೆದ ಡೈರಿಗಳಲ್ಲಿ, ಶ್ಯಾನುಭೋಗರ ದಫ್ತರಗಳಲ್ಲಿ, ಹಳೆಯ ಗ್ರಾಮನಕ್ಷೆಗಳಲ್ಲಿ ಇದೆ. ಗೆದ್ದಲು ಹತ್ತಿ, ಮನೆ ಪಾಲಾಗಿ ಅವು ವರ್ಷವರ್ಷವೂ ನಾಶವಾಗುತ್ತಿವೆ. ಮನೆಯಲ್ಲಿ ಅಂಥ ಕಾಗದ ಇರುವವರು ಅದನ್ನು ರದ್ದಿಗೆ ಹಾಕದೆ, ಒಂದು ನಕಲನ್ನು ಮೂಡಿಗೆರೆಯ ತೋಟಗಾರಿಕಾ ಕಾಲೇಜಿಗೋ ಹತ್ತಿರದ ಸಸ್ಯಶಾಸ್ತ್ರ ವಿಭಾಗಕ್ಕೋ ಮುಟ್ಟಿಸಬೇಕು.